ಕಾಳಿಯ ಹಲ್ಲು, ನನ್ನ ಆಷಾಢ

ಹಲ್ಲು ನೋಯುವ ಬೆಕ್ಕು ಅಳುವುದಿಲ್ಲ, ಕೂಗುವುದೂ ಅಪರೂಪ. ಹಸಿವೆಯಿಂದ ತಟ್ಟೆಯ ಹತ್ತಿರ ಓಡಿ ಬರುತ್ತದೆ, ಮೂಸುತ್ತದೆ, ಒಂದು ತುತ್ತು ಕಚ್ಚಿದ್ದೇ ತಡ ಅನ್ನವೇ ತನ್ನನ್ನು ಕಚ್ಚಿತೇನೋ ಎಂಬಂತೆ ಬುಸ್ಸೆಂದು ಹಿಂದಕ್ಕೆ ಹಾರುತ್ತದೆ. ನಮ್ಮ ಕಾಳಿ ಹೀಗೆ ಮಾಡತೊಡಗಿದಾಗ ಅತ್ತೆ, "ಸೊಕ್ಕು ಅದಕ್ಕೆ, ದಿನಾ ಮೀನು ಬೇಕು" ಅಂದರು. ಆಮೇಲೆ ಜೊಲ್ಲು ಶುರುವಾಯಿತು. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಳು, ಬೆನ್ನಿನ ಕೂದಲು ಗಂಟುಗಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಬಲಗಣ್ಣಿನ ಕೆಳಗೆ ಗೋಲಿಯಷ್ಟು ಊತ. ಕಣಜ ಹೊಡೆದಿರಬೇಕು ಅಂದರು ಪಕ್ಕದ ಮನೆಯವರು.

ಕಣ್ಣಿನ ಕೆಳಗಿನ ಊತಕ್ಕೆ ಬಹಳ ಸಲ ಹಲ್ಲೇ ಕಾರಣ ಎಂದು ನನಗೆ ಗೊತ್ತಾದದ್ದು ಡಾಕ್ಟರ ಮೇಜಿನ ಮುಂದೆ. ಅವರು ಬಾಯಿ ತೆರೆಸಲೇ ಇಲ್ಲ. ಹೆಬ್ಬೆರಳಿನಿಂದ ತುಟಿಯನ್ನು ಮೇಲಕ್ಕೆ ಸರಿಸಿದರು, ಅಷ್ಟೆ. ಮೇಲ್ದವಡೆಯ ದೊಡ್ಡ ಹಲ್ಲು ಕಂದು ಪಾಚಿ ಕಟ್ಟಿ ಕಲ್ಲಾಗಿತ್ತು, ಅದರ ಬುಡದಲ್ಲಿ ಒಸಡು ಕುಂಕುಮದ ಗೆರೆ ಎಳೆದಷ್ಟು ಕೆಂಪು. ನಾತಕ್ಕೆ ನಾನೇ ಮುಖ ತಿರುಗಿಸಿದೆ. ಆ ಹಲ್ಲಿಗೆ ಮೂರು ಬೇರು, ಬೇರಿನ ತುದಿ ಇರುವುದು ಸರಿಯಾಗಿ ಕಣ್ಣಿನ ಕೆಳಗೆ. ಅಲ್ಲಿ ಕೀವು ತುಂಬಿದರೆ ಕೆನ್ನೆ ಊದುತ್ತದೆ.

ಆ ಖಾಸಗಿ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ, ಎಕ್ಸ್‌ರೇ, ಅರಿವಳಿಕೆ, ಹಲ್ಲು ಕೀಳುವುದು ಎಲ್ಲ ಸೇರಿಸಿ ಹೇಳಿದ ಮೊತ್ತ ನನ್ನ ಮನೆ ಬಾಡಿಗೆಗಿಂತ ಹೆಚ್ಚಿತ್ತು. ನಾನು ರವಿಕೆ ಹೊಲಿಯುವವಳು. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದಿದ್ದರೆ ಹೊಲಿಗೆಯಿಲ್ಲ. "ಅಷ್ಟು ಆಗಲ್ಲ ಡಾಕ್ಟ್ರೇ" ಎಂದು ಎದ್ದು ಬರುವುದು ಸುಲಭವಿತ್ತು, ಎಷ್ಟೋ ಜನ ಹಾಗೇ ಬರುತ್ತಾರೆ. ನಾನು ಪರ್ಸಿನಲ್ಲಿದ್ದುದನ್ನು ಹೇಳಿ, "ಇಷ್ಟರಲ್ಲಿ ಮೊದಲು ಯಾವುದು ಆಗಲೇಬೇಕು, ಯಾವುದು ತಡೆಯುತ್ತೆ?" ಎಂದು ಕೇಳಿದೆ. ಡಾಕ್ಟರ ಮುಖ ಬದಲಾಯಿತು, ಒಳ್ಳೆಯ ರೀತಿಯಲ್ಲೇ. ನೋವಿಗೆ, ಸೋಂಕಿಗೆ ಈಗ ಔಷಧಿ, ಹಲ್ಲು ಕೀಳುವುದಕ್ಕೆ ಸರ್ಕಾರಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎಂದು ಅವರೇ ದಾರಿ ತೋರಿಸಿದರು. ಔಷಧಿಯನ್ನು ಕಂಪನಿ ಹೆಸರಲ್ಲಿ ಬರೆಯದೆ ಮೂಲ ಹೆಸರಲ್ಲಿ ಬರೆದುಕೊಟ್ಟರು. ಜನೌಷಧಿ ಕೇಂದ್ರದಲ್ಲಿ ಅದು ಕೈಗೆಟಕುವ ಬೆಲೆಗೆ ಸಿಕ್ಕಿತು.

ಆದರೆ ಎಷ್ಟು ಕೊಡಬೇಕೆಂದು ಹೇಳಲು ಬೆಕ್ಕಿನ ತೂಕ ಬೇಕು. ಮನುಷ್ಯರ ಮಾತ್ರೆಯಲ್ಲಿ ಬೆಕ್ಕಿಗೆ ಸಲ್ಲುವುದು ಒಂದು ಚೂರು ಮಾತ್ರ, ಆ ಚೂರು ಎಷ್ಟೆಂದು ನಿರ್ಧರಿಸುವುದು ನಮ್ಮ ಕೆಲಸವಲ್ಲ. ಮಾತ್ರೆ ನುಂಗಿಸಿದ ಮೇಲೆ ಸಿರಿಂಜಿನಲ್ಲಿ ನಾಲ್ಕೈದು ಎಂ.ಎಲ್. ನೀರು ಕುಡಿಸಲೇಬೇಕು ಎಂದೂ ಹೇಳಿದರು. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ಅಂಟಿಕೊಳ್ಳುತ್ತದೆ, ಡಾಕ್ಸಿಸೈಕ್ಲಿನ್‌ನಂಥದ್ದು ಅಲ್ಲಿ ಸುಟ್ಟು ಗಾಯ ಮಾಡುತ್ತದೆ.

ಇನ್ನು ಊರ ಮದ್ದಿನ ಮಾತು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ದುಡ್ಡಿಲ್ಲದ ಮನೆಯಲ್ಲಿ ಬೆಕ್ಕು ಸಾಯುವುದು ಕೆಲವೊಮ್ಮೆ ಹಲ್ಲುನೋವಿನಿಂದಲ್ಲ, ಅದಕ್ಕೆ ಕೊಟ್ಟ ಮದ್ದಿನಿಂದ. "ಒಂದು ಚೂರು ಪ್ಯಾರಸಿಟಮಾಲ್ ಕೊಡು ಮಾರಾಯ್ತಿ, ಮಕ್ಕಳಿಗೇ ಕೊಡ್ತೀವಿ" ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ಅದು ರಕ್ತವನ್ನೇ ಕೆಡಿಸುತ್ತದೆ, ಕೆಟ್ಟ ರಕ್ತ ಆಮ್ಲಜನಕ ಹೊರುವುದಿಲ್ಲ. ಒಸಡು ಕಂದಾಗಿ, ಮುಖ ಪಾದ ಊದಿ, ಉಸಿರು ಕಟ್ಟುತ್ತದೆ. ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್ ಕೂಡ ವಿಷವೇ. ಲವಂಗದ ಎಣ್ಣೆ ನಮಗೆ ಹಲ್ಲಿನ ಮದ್ದು, ಬೆಕ್ಕಿಗೆ ಅದೂ ಆಗದು. ನಮ್ಮ ಟೂತ್‌ಪೇಸ್ಟ್ ಬಾಯಿಗೆ ಹಚ್ಚಿದರೆ ಬೆಕ್ಕು ಉಗುಳುವುದಿಲ್ಲ, ನುಂಗುತ್ತದೆ. ಅರಿಶಿನ ಹಚ್ಚಿದರೆ ಸಾಯುವುದಿಲ್ಲ ನಿಜ, ಆದರೆ ಬೇರಿನ ತುದಿಯ ಕೀವಿಗೆ ಅದು ತಲುಪುವುದಾದರೂ ಹೇಗೆ? ಬೆಕ್ಕಿಗೆ ಕೊಡುವ ಮೆಲಾಕ್ಸಿಕಾಂ ಎಂಬ ನೋವಿನ ಔಷಧಿಯನ್ನೂ ಡಾಕ್ಟರು ನೀರು ಕುಡಿಯುತ್ತಿದೆಯೇ ಎಂದು ಕೇಳಿಯೇ ಬರೆದರು. ಮೈಯಲ್ಲಿ ನೀರಿನಂಶ ಕಮ್ಮಿಯಿದ್ದರೆ ಅದು ಕಿಡ್ನಿಗೆ ಪೆಟ್ಟು.

ಔಷಧಿಗೆ ಊತ ಇಳಿಯಿತು. ಕಾಳಿ ಕಟ್ಟೆಯ ಮೇಲೆ ಬಿಸಿಲು ಕಾಯಿಸತೊಡಗಿದಳು. ಮನೆಯಲ್ಲಿ ಎಲ್ಲರಿಗೂ ಸಮಾಧಾನ, ಇನ್ನೇಕೆ ಕೀಳಿಸಬೇಕು ಎಂಬ ಮಾತೂ ಬಂತು. ಡಾಕ್ಟರು ಹೀಗಾಗುತ್ತದೆಂದು ಮೊದಲೇ ಹೇಳಿದ್ದರು. ಕೆಟ್ಟ ಹಲ್ಲು ಅಲ್ಲೇ ಇರುವವರೆಗೆ ಕೀವು ಮತ್ತೆ ಕೂಡುತ್ತದೆ, ಮತ್ತೆ ಅದೇ ಔಷಧಿ, ಒಂದು ದಿನ ಆ ಔಷಧಿಯೂ ನಾಟುವುದಿಲ್ಲ. ಕ್ಲಿನಿಕ್ಕಿನ ಸರದಿಯಲ್ಲಿ ಸಿಕ್ಕ ಒಬ್ಬರು ತಮ್ಮ ಬೆಕ್ಕಿಗೆ ಬಾಯಿಹುಣ್ಣು ಎದ್ದಾಗಲೆಲ್ಲ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸುತ್ತ ವರ್ಷಗಳನ್ನೇ ಕಳೆದಿದ್ದರು. ಹಾಗೆ ಪದೇ ಪದೇ ಹಾಕಿಸಿದರೆ ಬೆಕ್ಕಿಗೂ ಸಕ್ಕರೆ ಕಾಯಿಲೆ ಬರಬಹುದು. ಅಂಥ ಬಾಯಿಯಲ್ಲಿ ಹಿಂದಿನ ಹಲ್ಲುಗಳನ್ನೆಲ್ಲ ತೆಗೆಸಿದರೆ ಹೆಚ್ಚಿನ ಬೆಕ್ಕುಗಳು ಚೇತರಿಸಿಕೊಳ್ಳುತ್ತವೆ. ಆ ಇಂಜೆಕ್ಷನ್ನುಗಳ ದುಡ್ಡು ಕೂಡಿಸಿದ್ದರೆ ಅದು ಎಂದೋ ಆಗಿಹೋಗುತ್ತಿತ್ತು ಎಂದು ಅವರೇ ಲೆಕ್ಕ ಹಾಕಿದರು.

ಹಣ ಹೊಂದಿಸುವವರೆಗೆ ಕಾಳಿಯನ್ನು ಉಳಿಸಿದ್ದು ಬೂತಾಯಿ ಮೀನು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ, ಬೇಯಿಸಿದ ನೀರಿನಲ್ಲೇ ಕಿವುಚಿ, ಬೆರಳಿಗೆ ಹಿತವೆನಿಸುವಷ್ಟು ಬೆಚ್ಚಗೆ ಕೊಡುತ್ತಿದ್ದೆ. ಬಿಸಿಯಾದರೂ ನೋವು, ತಣ್ಣಗಿದ್ದರೆ ವಾಸನೆಯಿಲ್ಲ, ವಾಸನೆಯಿಲ್ಲದ್ದನ್ನು ಬೆಕ್ಕು ಮುಟ್ಟುವುದಿಲ್ಲ. ಎರಡು ಮೂರು ದಿನ ಬೆಕ್ಕು ಏನೂ ತಿನ್ನದಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಅದೇ ಬೇರೆ ಕಾಯಿಲೆಯಾಗುತ್ತದೆ, ದಪ್ಪ ಬೆಕ್ಕಿಗಂತೂ ಇನ್ನೂ ಅಪಾಯ. ಕಿರಾಣಿ ಅಂಗಡಿಯ ಶೆಟ್ಟರು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬುಟ್ಟಿ ಸಮೇತ ಅವಳನ್ನು ತೂಗಿಕೊಡುತ್ತಿದ್ದರು. ಮೂರು ಕೆ.ಜಿ.ಗಿಂತ ಕೆಳಗಿಳಿದರೆ ಕಾಯದೆ ಕರೆತನ್ನಿ ಎಂದು ಡಾಕ್ಟರ ಮಾತು.

ಮಾತ್ರೆ ಕೊಡುವಾಗ ಬೆರಳಿಗೆ ಕಚ್ಚಿದಳು. ಟವೆಲ್ಲಿನಲ್ಲಿ ಸುತ್ತಿದ್ದರೂ ತಪ್ಪಲಿಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಂಡೆ. ಅಲ್ಲಿ ದುಡ್ಡು ಕೇಳಲಿಲ್ಲ. ಮನೆ ಬೆಕ್ಕು ತಾನೇ ಎಂದು ಇದನ್ನು ಯಾರೂ ಬಿಡಬಾರದು.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಲ್ಲು ತೆಗೆದರು. ಚೀಟಿ ಮಾಡಿಸಿ, ಹಸು ಕರು ನಾಯಿಗಳ ನಡುವೆ ಬುಟ್ಟಿ ಹಿಡಿದು ಕೂರಬೇಕು, ಪ್ರೊಫೆಸರ ಸುತ್ತ ವಿದ್ಯಾರ್ಥಿಗಳು ಮುತ್ತಿಕೊಂಡು ನೋಡುತ್ತಾರೆ. ನನಗೇನೂ ಬೇಸರವಾಗಲಿಲ್ಲ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಕೇಳುತ್ತಿದ್ದರು. ಅರಿವಳಿಕೆ ಇಲ್ಲದೆ ಬೆಕ್ಕಿನ ಹಲ್ಲಿನ ಕೆಲಸ ಸರಿಯಾಗಿ ಆಗುವುದಿಲ್ಲ, ಆದ್ದರಿಂದ ಕಿಡ್ನಿಯ ರಕ್ತಪರೀಕ್ಷೆಯನ್ನು ಬಿಡಲಿಲ್ಲ. ಮೂರು ಬೇರಿನ ಹಲ್ಲನ್ನು ಒಂದೇ ಎಳೆತಕ್ಕೆ ಕೀಳಲಾಗದು, ಕತ್ತರಿಸಿ ಮೂರು ತುಂಡು ಮಾಡಿ ತೆಗೆದರು. ಒಂದು ಬೇರಿನ ತುದಿ ಕಪ್ಪಗೆ ಮೆತ್ತಗಾಗಿತ್ತು.

ಮರುದಿನವೇ ಅವಳು ಕಿವುಚಿದ ಮೀನು ನೆಕ್ಕಿದಳು. ಈಗ ಮೊದಲಿನಂತೆ ಮೀನಿನ ತಲೆಯನ್ನೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ತುಟಿ ಸರಿಸಿ ನೋಡುತ್ತೇನೆ, ಎಡಗಡೆಯ ಹಲ್ಲಿಗೂ ಪಾಚಿ ಕಟ್ಟುತ್ತಿದೆ. ಬ್ರಷ್ ಹಿಡಿಸಲು ಪ್ರಯತ್ನಿಸಿ ಕೈಬಿಟ್ಟು, ಬೆರಳಿಗೆ ಒದ್ದೆ ಗಾಜ್ ಬಟ್ಟೆ ಸುತ್ತಿ ಉಜ್ಜುತ್ತೇನೆ. ಸುಮ್ಮನಿದ್ದರೆ ಉಜ್ಜುವುದು, ಕಿವಿ ಹಿಂದಕ್ಕೆ ಮಡಚಿದರೆ ನಿಲ್ಲಿಸುವುದು. ಮೊನ್ನೆ ಓಣಿಯ ಹುಡುಗಿಯೊಬ್ಬಳು ತನ್ನ ಬೆಕ್ಕಿನ ಊದಿದ ಮುಖದ ಫೋಟೊ ಕಳಿಸಿ, "ಯಾವ ಮಾತ್ರೆ ತಂದಿದ್ರಿ ಅಕ್ಕ?" ಎಂದು ಕೇಳಿದಳು. ಹೆಸರು ಹೇಳಲಿಲ್ಲ. ಬುಟ್ಟಿ ಬೇಕಾದರೆ ಒಯ್ಯಿ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸು, ಎಷ್ಟು ದುಡ್ಡಿದೆ ಎಂದು ಮೊದಲೇ ಹೇಳಿಬಿಡು ಅಂದೆ.