ದಾಖಲೆಯನ್ನು ಅಳಿಸುವುದು ಯಾವಾಗ? – ಒಂದು ಚರ್ಚಾಪಾಠ

‘ಉದ್ದೀಪನ ಮದ್ದು ಸೇವಿಸಿದ ಆರೋಪ ಹೊತ್ತ ಕ್ರೀಡಾಪಟುವಿನ ದಾಖಲೆ ಉಳಿಯಬೇಕೆ?’ ಎಂಬ ವಿಷಯವನ್ನು ಪ್ರೌಢಶಾಲೆಯ ಚರ್ಚಾಕೂಟಕ್ಕೆ ಕೊಟ್ಟರೆ ‘ಅಳಿಸಬೇಕು’ ಎನ್ನುವ ಪಕ್ಷವೇ ಸಾಮಾನ್ಯವಾಗಿ ದೊಡ್ಡದಾಗುತ್ತದೆ. ಆದರೆ ಪ್ರಶ್ನೆಯ ತಿರುಳಿರುವುದು ‘ಆರೋಪ’ ಎಂಬ ಪದದಲ್ಲಿ. ಆದ್ದರಿಂದ ಚರ್ಚೆಗೆ ಮೊದಲು ಶಂಕೆ, ಆರೋಪ, ಸಾಕ್ಷ್ಯ, ತಪ್ಪೊಪ್ಪಿಗೆ, ನಿರ್ಣಯ ಎಂಬ ಐದು ಪದಗಳನ್ನು ಕರಿಹಲಗೆಯ ಮೇಲೆ ಬರೆದು ಅವುಗಳ ಅರ್ಥಭೇದವನ್ನು ಮನದಟ್ಟು ಮಾಡಿಸತಕ್ಕದ್ದು.

ಕನ್ನಡದ ‘ಉದ್ದೀಪನ ಮದ್ದು’ ಮಲಯಾಳದಲ್ಲಿ ‘ಉತ್ತೇಜಕ ಮರುನ್ನ್’, ತಮಿಳಿನಲ್ಲಿ ‘ಊಕ್ಕಮರುಂದು’. ಕಾಸರಗೋಡಿನ ಅಥವಾ ತಾಳವಾಡಿಯ ಮಗುವಿನ ಕಿವಿಗೆ ನೆರೆಭಾಷೆಯ ಪದವೇ ಮೊದಲು ಬಿದ್ದಿರಬಹುದು. ಅದನ್ನು ತಿದ್ದಹೋಗದೆ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದರೆ ಮದ್ದು, ಮರುನ್ನ್, ಮರುಂದುಗಳ ನಂಟು ತಾನಾಗಿ ಕಾಣುತ್ತದೆ. ಕಾವ್ಯಮೀಮಾಂಸೆಯ ‘ಉದ್ದೀಪನ ವಿಭಾವ’ವನ್ನು ಓದಿದ ಶಿಕ್ಷಕರಿಗೆ ಆ ಪದವು ಕ್ರೀಡಾಪುಟವನ್ನು ಸೇರಿದ ಬಗೆ ಸೋಜಿಗವೆನಿಸೀತು.

ಇನ್ನು ನಿದರ್ಶನಗಳು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರ್ ದೂರವನ್ನು 9.79 ಸೆಕೆಂಡುಗಳಲ್ಲಿ ಓಡಿದರು. ಅವರ ಮೂತ್ರದ ಮಾದರಿಯಲ್ಲಿ ಸ್ಟ್ಯಾನೊಜೊಲಾಲ್ ಎಂಬ ನಿಷಿದ್ಧ ಸ್ಟಿರಾಯ್ಡ್ ಪತ್ತೆಯಾಗಿ, ಮೂರೇ ದಿನಗಳಲ್ಲಿ ಪದಕ ಕೈತಪ್ಪಿತು. ಚಿನ್ನ ಅಮೆರಿಕದ ಕಾರ್ಲ್ ಲೂಯಿಸ್ ಅವರಿಗೆ ಸಂದಿತು. ಇಲ್ಲಿ ಸಾಕ್ಷ್ಯ ನೇರವಾಗಿತ್ತು. ಆದರೆ ಹಿಂದಿನ ವರ್ಷ ರೋಮ್‌ನಲ್ಲಿ ಅವರು ಸ್ಥಾಪಿಸಿದ್ದ 9.83 ಸೆಕೆಂಡುಗಳ ವಿಶ್ವದಾಖಲೆಯ ಗತಿಯೇನು? ಅಲ್ಲಿನ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಸೋಲ್‌ನಲ್ಲಿ ಸಿಕ್ಕ ದೋಷವನ್ನು ರೋಮ್‌ನ ಓಟಕ್ಕೆ ಹೊರಿಸುವುದು ಊಹೆಯಾಗುತ್ತಿತ್ತು. 1989ರಲ್ಲಿ ಕೆನಡಾದ ಡುಬಿನ್ ವಿಚಾರಣಾ ಆಯೋಗದ ಮುಂದೆ, 1981ರಿಂದಲೂ ಸ್ಟಿರಾಯ್ಡ್ ಸೇವಿಸಿದುದನ್ನು ಅವರು ಪ್ರಮಾಣಪೂರ್ವಕ ಒಪ್ಪಿಕೊಂಡ ಬಳಿಕವೇ ಆ ದಾಖಲೆಯೂ ರದ್ದಾಯಿತು. ಒಂದನ್ನು ಪ್ರಯೋಗಾಲಯ ಅಳಿಸಿತು, ಇನ್ನೊಂದನ್ನು ಅವರದೇ ಮಾತು. ಈ ವ್ಯತ್ಯಾಸವನ್ನು ಮಕ್ಕಳೇ ಕಂಡುಕೊಳ್ಳುವಂತೆ ಪ್ರಶ್ನೆಗಳನ್ನು ಹಾಕಬೇಕು, ಅವಸರದಲ್ಲಿ ಹೇಳಿಬಿಡಬಾರದು.

ಪೂರ್ವ ಜರ್ಮನಿಯ ಪ್ರಸಂಗ ಇದಕ್ಕಿಂತ ಜಟಿಲ. ಅಲ್ಲಿ ಸರ್ಕಾರವೇ ಕ್ರೀಡಾಪಟುಗಳಿಗೆ, ಎಳೆಯ ಹುಡುಗಿಯರಿಗೂ ಸಹ, ಹಾರ್ಮೋನು ಗುಳಿಗೆಗಳನ್ನು ಕೊಡಿಸುತ್ತಿತ್ತೆಂಬುದು ಜರ್ಮನಿಯ ಏಕೀಕರಣದ ನಂತರ ಕಡತಗಳಿಂದ ಬಯಲಾಯಿತು. ಅನೇಕರಿಗೆ ಅವು ವಿಟಮಿನ್ ಎಂದೇ ಹೇಳಲಾಗಿತ್ತು. ಆ ದೇಶದ ಮರಿಟಾ ಕೋಖ್ 1985ರಲ್ಲಿ ಕ್ಯಾನ್‌ಬೆರಾದಲ್ಲಿ 400 ಮೀಟರ್ ಓಟದಲ್ಲಿ ಸ್ಥಾಪಿಸಿದ 47.60 ಸೆಕೆಂಡುಗಳ ವಿಶ್ವದಾಖಲೆ ದಶಕಗಳು ಕಳೆದರೂ ಉಳಿದಿದೆ. ಅವರು ಯಾವ ಪರೀಕ್ಷೆಯಲ್ಲಿಯೂ ಸಿಕ್ಕಿಬಿದ್ದವರಲ್ಲ, ಆರೋಪವನ್ನು ಒಪ್ಪಿದವರೂ ಅಲ್ಲ. ಅದೇ ದೇಶದ ಓಟಗಾರ್ತಿ ಇನೆಸ್ ಗೈಪೆಲ್ ಮಾತ್ರ, ಕ್ಲಬ್ ತಂಡದ ರಿಲೇ ದಾಖಲೆಯಿಂದ ತಮ್ಮ ಹೆಸರನ್ನು ತೆಗೆಯಬೇಕೆಂದು ತಾವಾಗಿಯೇ ಕೇಳಿಕೊಂಡರು. ಆ ಜಾಗದಲ್ಲೀಗ ಒಂದು ನಕ್ಷತ್ರಚಿಹ್ನೆ ಇದೆ.

2017ರಲ್ಲಿ ಯುರೋಪಿನ ಅಥ್ಲೆಟಿಕ್ಸ್ ಸಂಸ್ಥೆಯ ಮುಂದೆ 2005ಕ್ಕೆ ಹಿಂದಿನ ದಾಖಲೆಗಳನ್ನೆಲ್ಲ ಬದಿಗಿಡುವ ಸಲಹೆ ಬಂದಿತ್ತು. ಮರುಪರೀಕ್ಷೆಗೆಂದು ಮಾದರಿಗಳನ್ನು ಕಾಪಿಡುವ ಪದ್ಧತಿ 2005ರಿಂದೀಚಿನದು ಎಂಬುದು ಕಾರಣ. 2003ರಲ್ಲಿ ಮ್ಯಾರಥಾನ್ ದಾಖಲೆ ಸ್ಥಾಪಿಸಿದ್ದ ಬ್ರಿಟನ್ನಿನ ಪೌಲಾ ರ್‍ಯಾಡ್‌ಕ್ಲಿಫ್ ಇದನ್ನು ಬಲವಾಗಿ ವಿರೋಧಿಸಿದರು. ಅವರ ಆಕ್ಷೇಪ ನ್ಯಾಯವಾದುದೇ: ತಪ್ಪಿತಸ್ಥರನ್ನು ಹಿಡಿಯಲಾಗದ ನಿಯಮವು ಎಲ್ಲರನ್ನೂ ಒಟ್ಟಿಗೆ ಅಳಿಸಿಬಿಡುವುದು ಸುಲಭದ ದಾರಿ, ನ್ಯಾಯದ ದಾರಿಯಲ್ಲ. ಆರೋಪಮಾತ್ರದಿಂದ ದಾಖಲೆ ಹೋಗಬಾರದು; ಅದಕ್ಕೆ ತೆರಬೇಕಾದ ಬೆಲೆಯಾಗಿ ಶಂಕಿತವಾದ ಕೆಲವು ಅಂಕಿಗಳು ಪುಸ್ತಕದಲ್ಲಿ ಉಳಿದೇ ಉಳಿಯುತ್ತವೆ.

ಚಟುವಟಿಕೆ: ಸೋಲ್‌ನಲ್ಲಿ ನಾಲ್ಕನೆಯವರಾಗಿ ಗುರಿ ಮುಟ್ಟಿ, ಜಾನ್ಸನ್ ಅನರ್ಹರಾದ ಮೇಲೆ ಕಂಚು ಪಡೆದವರು ಅಮೆರಿಕದ ಕಾಲ್ವಿನ್ ಸ್ಮಿತ್. ಅವರ ದೃಷ್ಟಿಯಿಂದ ಮಕ್ಕಳು ಒಂದು ಪುಟ ಬರೆಯಲಿ. ‘ಮೋಸ’ ಎಂಬ ಪದವನ್ನು ಬಳಸಿದಲ್ಲೆಲ್ಲ, ಅದಕ್ಕೆ ಆಧಾರವೇನೆಂಬುದನ್ನು ಅಂಚಿನಲ್ಲಿ ಗುರುತಿಸಲಿ.