ಊಟ ಬಿಟ್ಟರೆ ಮುಟ್ಟೂ ತಪ್ಪೀತು

ಮುಟ್ಟಿನ ಚಕ್ರವನ್ನು ನಡೆಸುವ ಸಂಕೇತ ಹೊರಡುವುದು ಮಿದುಳಿನ ಹೈಪೋಥಲಾಮಸ್‌ನಿಂದ. ದೇಹಕ್ಕೆ ಸಿಗುವ ಶಕ್ತಿ ಬಹುಕಾಲ ಖರ್ಚಿಗಿಂತ ಕಡಿಮೆಯಾದರೆ ಈ ಸಂಕೇತ ಕುಂದುತ್ತದೆ. ಅಂಡಾಣು ಬಿಡುಗಡೆಯಾಗುವುದಿಲ್ಲ, ಮುಟ್ಟು ಮುಂದೆ ಹೋಗುತ್ತದೆ, ಕೆಲವರಲ್ಲಿ ನಿಂತೇ ಬಿಡುತ್ತದೆ. ತೆಳ್ಳಗಾಗಲೆಂದು ಊಟ ಬಿಡುವ ಹುಡುಗಿಯರಲ್ಲಿ, ಕಠಿಣ ತರಬೇತಿಯ ಕ್ರೀಡಾಪಟುಗಳಲ್ಲಿ ಇದು ಕಾಣುತ್ತದೆ. ಈಸ್ಟ್ರೋಜನ್ ಇಳಿಯುವುದರಿಂದ ಮೂಳೆಯೂ ಸವೆಯುತ್ತದೆ, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ. ಇನ್ನೊಂದು ತುದಿಯಲ್ಲಿ, ಅತಿಯಾದ ತೂಕವೂ ಚಕ್ರವನ್ನು ಏರುಪೇರು ಮಾಡುತ್ತದೆ.

ಪ್ರತಿ ಮುಟ್ಟಿನಲ್ಲೂ ರಕ್ತದೊಂದಿಗೆ ಕಬ್ಬಿಣಾಂಶ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರ ಪೈಕಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಸೊಪ್ಪಿನ ಬಸ್ಸಾರು, ಮೊಳಕೆ ಹುರುಳಿ, ಮೊಟ್ಟೆ, ಮಾಂಸ ಈ ಕೊರತೆ ತುಂಬಲು ನೆರವಾಗುತ್ತವೆ. ಸೊಪ್ಪು ಕಾಳುಗಳ ಕಬ್ಬಿಣಾಂಶ ಸುಲಭವಾಗಿ ಮೈಗೂಡುವುದಿಲ್ಲ. ಜೊತೆಗೆ ನಿಂಬೆರಸವೋ ನೆಲ್ಲಿಕಾಯಿಯೋ ಇರಬೇಕು. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಕಬ್ಬಿಣಾಂಶ ಮೈಗೂಡುವುದನ್ನು ತಡೆಯುತ್ತವೆ, ಒಂದು ಗಂಟೆಯಾದರೂ ಅಂತರವಿರಲಿ. ರಾಗಿಯ ದೊಡ್ಡ ಗುಣ ಕಬ್ಬಿಣವಲ್ಲ, ಮೂಳೆಗೆ ಬೇಕಾದ ಕ್ಯಾಲ್ಸಿಯಂ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ.

ಮುಟ್ಟಿನ ದಿನಗಳಲ್ಲಿ ಮೊಸರು, ಹುಳಿ ಮುಟ್ಟಬಾರದೆಂಬ ಕಟ್ಟಳೆಗೆ ವೈದ್ಯಕೀಯ ಆಧಾರವಿಲ್ಲ. ತಿಂದದ್ದೇ ಎಲ್ಲಕ್ಕೂ ಕಾರಣವೆನ್ನುವುದೂ ತಪ್ಪು; ಥೈರಾಯ್ಡ್ ತೊಂದರೆಯಿಂದಲೂ ಮುಟ್ಟು ಏರುಪೇರಾಗುತ್ತದೆ. ಮೂರು ತಿಂಗಳು ಮುಟ್ಟಾಗದಿದ್ದರೆ, ಇಲ್ಲವೇ ಸ್ರಾವ ಏಳು ದಿನ ಮೀರಿದರೆ ವೈದ್ಯರನ್ನು ಕಾಣಬೇಕು.