ಲಾಡ್ಜ್ ಮೇಲೆ ದಾಳಿಯಾದಾಗ ಗಿರಾಕಿಯ ಗತಿಯೇನು?

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ಸುದ್ದಿ ಬಹುತೇಕ ಒಂದೇ ಅಚ್ಚಿನಲ್ಲಿ ಬರುತ್ತದೆ: ಲಾಡ್ಜ್ ಮೇಲೆ ಪೊಲೀಸ್ ದಾಳಿ, ಮಹಿಳೆಯರ ರಕ್ಷಣೆ, ಮ್ಯಾನೇಜರ್ ಬಂಧನ. ದುಡ್ಡು ಕೊಟ್ಟು ಕೋಣೆಗೆ ಹೋಗಿದ್ದವನ ವಿಚಾರ ಅರ್ಧ ಸಾಲಿಗೆ ಮುಗಿಯುತ್ತದೆ. ಅವನಿಗೆ ಮುಂದೇನಾಯಿತು ಎಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯ ಚಹಾದಂಗಡಿಯಲ್ಲಿ ಕೇಳಿದರೆ ‘ಅವನಿಗೇನೂ ಆಗಂಗಿಲ್ಲ, ಕೇಸೇ ನಿಲ್ಲಂಗಿಲ್ಲ’ ಎನ್ನುವವರೂ ಸಿಗುತ್ತಾರೆ, ‘ಸಿಕ್ಕಬಿದ್ದರ ಏಳು ವರ್ಷ ಒಳಗ’ ಎನ್ನುವವರೂ ಸಿಗುತ್ತಾರೆ. ಕೆಲವು ಪ್ರಕರಣಗಳಲ್ಲಿ ಮೊದಲನೆಯವರ ಮಾತು ಸರಿ, ಇನ್ನು ಕೆಲವು ಪ್ರಕರಣಗಳಲ್ಲಿ ಎರಡನೆಯವರದು. ಯಾವಾಗ ಯಾವುದು ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಜಾಗ ಯಾವುದು, ಜೊತೆಗಿದ್ದ ಮಹಿಳೆಯ ವಯಸ್ಸೆಷ್ಟು, ಆಕೆ ಅಲ್ಲಿಗೆ ಬಂದದ್ದು ಹೇಗೆ.

ಪೊಲೀಸರ ಬಾಯಲ್ಲಿ ‘ಪಿಟಾ ಕಾಯ್ದೆ’ ಎನಿಸಿಕೊಂಡಿರುವುದು 1956ರ ಅನೈತಿಕ ಸಾಗಣೆ ತಡೆ ಕಾಯ್ದೆ. 1986ರ ತಿದ್ದುಪಡಿಯಲ್ಲಿ ಅದಕ್ಕೆ ಈಗಿನ ಹೆಸರು ಬಂತು. ವಯಸ್ಕ ಮಹಿಳೆ ತನ್ನ ಇಚ್ಛೆಯಿಂದ ಖಾಸಗಿಯಾಗಿ ಲೈಂಗಿಕ ವೃತ್ತಿ ಮಾಡುವುದನ್ನು ಈ ಕಾಯ್ದೆ ಅಪರಾಧ ಎನ್ನುವುದಿಲ್ಲ. ದುಡ್ಡು ಕೊಟ್ಟು ಹೋಗುವುದೇ ಅಪರಾಧ ಎನ್ನುವ ಕಲಮೂ ಇದರಲ್ಲಿ ಇಲ್ಲ. ಕಾಯ್ದೆಯ ಕಣ್ಣಿರುವುದು ವ್ಯಾಪಾರ ನಡೆಸುವವರ ಮೇಲೆ. ಅಡ್ಡೆ ಇಡುವವರಿಗೆ ಕಲಂ 3, ಆ ಗಳಿಕೆಯ ಮೇಲೆ ಬದುಕುವವರಿಗೆ ಕಲಂ 4, ಪುಸಲಾಯಿಸಿ ಕರೆತರುವವರಿಗೆ ಕಲಂ 5, ಕೂಡಿಹಾಕುವವರಿಗೆ ಕಲಂ 6.

ಹಾಗಿದ್ದರೂ ದಾಳಿಯಲ್ಲಿ ಸಿಕ್ಕ ಗಿರಾಕಿಯ ಮೇಲೆ ಇದೇ ಕಲಂಗಳನ್ನು ಒಟ್ಟಿಗೆ ಹೇರಿ ಎಫ್‌ಐಆರ್ ಹಾಕುವ ರೂಢಿ ರಾಜ್ಯದಲ್ಲಿ ಬಹುಕಾಲದಿಂದ ಇದೆ. ಕರ್ನಾಟಕ ಹೈಕೋರ್ಟ್ ಇಂಥವನ್ನು ಹಲವು ಬಾರಿ ರದ್ದು ಮಾಡಿದೆ. 2022ರಲ್ಲಿ ಬೆಂಗಳೂರಿನ ಕೆಂಗೇರಿ ಠಾಣೆಯ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಬರೀ ಗಿರಾಕಿಯಾಗಿದ್ದ ಎಂಬ ಕಾರಣಕ್ಕೆ ಈ ಕಲಂಗಳಡಿ ವಿಚಾರಣೆ ನಡೆಸಲಾಗದು ಎಂದರು. ನೆರೆಯ ಕೇರಳದ ದಾರಿ ಬೇರೆ. ದುಡ್ಡು ಕೊಡುವವನು ಆ ದುಡ್ಡಿನಿಂದಲೇ ಆಕೆಯನ್ನು ಈ ಕೆಲಸಕ್ಕೆ ಪ್ರೇರೇಪಿಸುತ್ತಾನೆ, ಹಾಗಾಗಿ ಕಲಂ 5 ಅವನಿಗೂ ಅನ್ವಯಿಸುತ್ತದೆ ಎಂದು ಅಲ್ಲಿನ ಹೈಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಮಂಗಳೂರಿಗೆ ದುಡಿಯಲು ಹೋದವನು ಗಡಿ ದಾಟಿ ಕಾಸರಗೋಡಿಗೆ ಕಾಲಿಟ್ಟರೆ ಕಾನೂನಿನ ಓದು ಬದಲಾಗುತ್ತದೆ ಎಂಬುದು ನೆನಪಿರಲಿ.

ಇನ್ನು ಜಾಗದ ವಿಚಾರ. ಕಲಂ 7ರ ಪ್ರಕಾರ ದೇವಸ್ಥಾನ, ಮಸೀದಿ, ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ, ಇಲ್ಲವೇ ಮ್ಯಾಜಿಸ್ಟ್ರೇಟರು ಅಧಿಸೂಚನೆ ಹೊರಡಿಸಿದ ಸ್ಥಳದಲ್ಲಿ ಈ ವ್ಯವಹಾರ ನಡೆದರೆ ಇಬ್ಬರಿಗೂ ಮೂರು ತಿಂಗಳವರೆಗೆ ಜೈಲು. ‘ಯಾರ ಜೊತೆ ನಡೆಯಿತೋ ಅವನು’ ಎಂದು ಕಾಯ್ದೆ ಗಂಡಸನ್ನೂ ಬಿಡದೆ ಹೇಳಿರುವ ಜಾಗ ಇದು. ತಂಬ್ರಹಳ್ಳಿಯಂಥ ಊರಿನ ನಕ್ಷೆ ಹಿಡಿದು ಪ್ರತಿ ಗುಡಿ, ಮಸೀದಿ, ಶಾಲೆ, ಆಸ್ಪತ್ರೆಯ ಸುತ್ತ 200 ಮೀಟರಿನ ಗೆರೆ ಎಳೆದು ನೋಡಿ, ಹೊರಗುಳಿಯುವ ಮನೆಗಳು ಕೆಲವೇ. ಬೆಂಗಳೂರಿನ ಬಡಾವಣೆಯಲ್ಲಿ ಗೆದ್ದ ವಾದ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಪಕ್ಕದಲ್ಲಿ ಗೆಲ್ಲಬೇಕೆಂದೇನಿಲ್ಲ.

ರಸ್ತೆಯಲ್ಲಿ ನಿಂತು ಸನ್ನೆ ಮಾಡಿ ಕರೆಯುವುದಕ್ಕೆ ಕಲಂ 8 ಇದೆ. ಗಂಡಸು ಈ ಅಪರಾಧ ಮಾಡಿದರೆ ಕನಿಷ್ಠ ಏಳು ದಿನ, ಗರಿಷ್ಠ ಮೂರು ತಿಂಗಳು. ಕೊನೆಯ ಬಸ್ಸಿಗೆ ಕಾದು ನಿಂತ ಹೆಣ್ಣುಮಗಳನ್ನು ‘ಬರ್ತೀಯೇನು, ಎಷ್ಟು?’ ಎಂದು ಕೇಳುವ ಚಾಳಿಯವರಿಗೆ ಪಿಟಾ ಕಾಯ್ದೆಯೇ ಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 75ರಡಿ ಅದು ಲೈಂಗಿಕ ಕಿರುಕುಳ, ಮೂರು ವರ್ಷದವರೆಗೆ ಶಿಕ್ಷೆ. ದೂರು ಕೊಡುವವರು ಕಡಿಮೆ, ಅದೇ ಅವರ ಧೈರ್ಯ.

ವಯಸ್ಸಿನ ವಿಚಾರಕ್ಕೆ ಬಂದರೆ ಮಾತು ಪೂರ್ತಿ ಬೇರೆ. 18 ತುಂಬದವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅಲ್ಲಿ ಗಿರಾಕಿ ಎಂಬವನೇ ಇಲ್ಲ, ಇರುವವನು ಅತ್ಯಾಚಾರದ ಆರೋಪಿ. ಪೋಕ್ಸೊ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ ಹತ್ತು ವರ್ಷ, ಬಾಲಕಿ 16ರ ಒಳಗಿನವಳಾದರೆ ಇಪ್ಪತ್ತು ವರ್ಷ. ‘ನೋಡಾಕ ದೊಡ್ಡಾಕಿ ಇದ್ದಂಗ ಇದ್ಲು ಸರ’ ಎಂಬ ಮಾತು ಠಾಣೆಯಲ್ಲಿ ಪ್ರತಿ ಸಲ ಕೇಳಿಸುತ್ತದೆ, ಕೋರ್ಟಿನಲ್ಲಿ ನಿಲ್ಲುವುದು ಅಪರೂಪ. ಪೋಕ್ಸೊ ಪ್ರಕರಣದಲ್ಲಿ ಕೆಟ್ಟ ಉದ್ದೇಶ ಇತ್ತೆಂದೇ ನ್ಯಾಯಾಲಯ ಭಾವಿಸುತ್ತದೆ, ಇರಲಿಲ್ಲವೆಂದು ಸಾಬೀತು ಮಾಡುವ ಹೊರೆ ಆರೋಪಿಯದು. ಇಂಥದ್ದು ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದವರಿಗೂ ಆರು ತಿಂಗಳವರೆಗೆ ಶಿಕ್ಷೆಯಿದೆ. ಲಾಡ್ಜಿನ ರೂಂ ಬಾಯ್ ಆಗಲಿ, ಪಕ್ಕದ ಮನೆಯವರಾಗಲಿ ಇದಕ್ಕೆ ಹೊರತಲ್ಲ.

ಮೂರನೆಯದು, ಆಕೆ ಬಂದ ದಾರಿ. ಸಾಗಣೆಗೆ ಒಳಗಾದವಳು ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ, ಆಕೆಯನ್ನು ಲೈಂಗಿಕವಾಗಿ ಬಳಸಿಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 144 ಮೂರರಿಂದ ಏಳು ವರ್ಷದವರೆಗೆ ಕಠಿಣ ಜೈಲು ವಿಧಿಸುತ್ತದೆ. ಚಹಾದಂಗಡಿಯ ಆ ‘ಏಳು ವರ್ಷ’ ಇಲ್ಲಿಯದು. ಬಾಲಕಿಯಾದರೆ ಐದರಿಂದ ಹತ್ತು ವರ್ಷ. ದೆಹಲಿಯ ಅತ್ಯಾಚಾರ ಪ್ರಕರಣದ ಬಳಿಕ 2013ರಲ್ಲಿ ಹಳೆಯ ದಂಡ ಸಂಹಿತೆಗೆ ಸೇರಿದ ಕಲಮಿನ ಹೊಸ ರೂಪ ಇದು, 2024ರ ಜುಲೈ 1ರಿಂದ ಜಾರಿಯಲ್ಲಿದೆ. ‘ನಂಬಲು ಕಾರಣ’ ಎಂದರೇನು? ದುಡ್ಡು ಆಕೆಯ ಕೈಗೆ ಹೋಗದೆ ಬೇರೊಬ್ಬನ ಜೇಬು ಸೇರಿದೆ, ಆಕೆಗೆ ಇಲ್ಲಿನ ಭಾಷೆ ಬಾರದು, ಕೋಣೆಗೆ ಹೊರಗಿನಿಂದ ಚಿಲಕ. ಇಷ್ಟನ್ನೂ ಕಂಡು ಒಳಗೆ ಹೋದವನು ‘ನನಗೇನು ಗೊತ್ತು’ ಎಂದರೆ ಕೇಳುವವರಿಲ್ಲ. ಆಂಧ್ರದ ಗಡಿಗೆ ಹತ್ತಿರವಿರುವ, ಲಾರಿ ಓಡಾಟದ ಹೆದ್ದಾರಿ ಹಾದುಹೋಗುವ ನಮ್ಮ ಭಾಗದಲ್ಲಿ ಪೊಲೀಸರು ಈ ಕಲಮನ್ನು ಇನ್ನೂ ಹೆಚ್ಚಾಗಿ ಬಳಸಬೇಕಿತ್ತು ಎಂಬುದು ನನ್ನ ಅನಿಸಿಕೆ.

ನಮ್ಮ ಭಾಗ ಎಂದಾಗ ಬಿಟ್ಟುಹೋಗಬಾರದ ಇನ್ನೊಂದು ಸಂಗತಿಯಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಕೇರಿಗಳಲ್ಲಿ ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಕತೆ ಯಾರಿಗೂ ಹೊಸದಲ್ಲ. ಮುತ್ತು ಕಟ್ಟುವುದನ್ನು ನಿಷೇಧಿಸಿದ್ದು 1982ರ ಕಾಯ್ದೆ. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಆ ಪಟ್ಟಿಯಲ್ಲಿ ಹೆಂಗಸರ ಹೆಸರುಗಳಿವೆ, ಅವರ ಬಳಿ ಬಂದ ಗಂಡಸರ ಪಟ್ಟಿಯನ್ನು ಯಾರೂ ಬರೆಯಲಿಲ್ಲ. ಅದರ ಪರಿಣಾಮ ಉಂಡವರು ಮಕ್ಕಳು. ಶಾಲೆಯ ದಾಖಲಾತಿಯಲ್ಲಿ, ಜಾತಿ ಪ್ರಮಾಣಪತ್ರದ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಖಾಲಿ ಜಾಗದ ಮುಂದೆ ನಿಂತವರು ಅವರೇ. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಈ ಖಾಲಿ ಜಾಗವನ್ನು ಎರಡು ಕಡೆಯಿಂದ ಮುಟ್ಟಿದೆ: ತಂದೆಯ ಹೆಸರು ಹೇಳಲೇಬೇಕೆಂದು ಮಕ್ಕಳನ್ನು ಒತ್ತಾಯಿಸುವಂತಿಲ್ಲ; ತಂದೆ ಯಾರೆಂದು ಗುರುತಿಸಿಕೊಡಿ ಎಂದು ಮಕ್ಕಳು ಕೇಳಬಹುದು, ಅವನು ಒಪ್ಪದಿದ್ದರೆ ಕೋರ್ಟಿಗೆ ಹೋಗಬಹುದು, ಡಿಎನ್‌ಎ ಪರೀಕ್ಷೆಗೂ ದಾರಿಯಿದೆ. ಗಂಡಸನ್ನು ತಡೆಯಲು ಯಾವ ದಾಳಿಗೂ ಆಗದ್ದನ್ನು ಆಸ್ತಿಯಲ್ಲಿ ಪಾಲು ಕೇಳಬಲ್ಲ ಮಗು ಮಾಡಬಹುದು.

ಇನ್ನು ಪೊಲೀಸರ ಕಡೆ. ಪಿಟಾ ಪ್ರಕರಣವನ್ನು ಯಾವ ಪೊಲೀಸರು ಬೇಕಾದರೂ ನಡೆಸುವಂತಿಲ್ಲ. ಸರ್ಕಾರ ನೇಮಿಸಿದ ವಿಶೇಷ ಪೊಲೀಸ್ ಅಧಿಕಾರಿಗೆ ಮಾತ್ರ ಆ ಅಧಿಕಾರ, ಅವರ ದರ್ಜೆ ಇನ್‌ಸ್ಪೆಕ್ಟರಿಗಿಂತ ಕೆಳಗಿರುವಂತಿಲ್ಲ. ತನಿಖೆಯನ್ನೂ ಅವರೇ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 1961ರಷ್ಟು ಹಿಂದೆಯೇ ಹೇಳಿದೆ. ಹಳ್ಳಿ ಠಾಣೆಗಳು ಸಾಮಾನ್ಯವಾಗಿ ಪಿಎಸ್‌ಐ ಕೈಯಲ್ಲಿರುತ್ತವೆ. ಹಾಗಾಗಿ ಸರ್ಕಲ್ ಇನ್‌ಸ್ಪೆಕ್ಟರ್ ಬಾರದೆ, ಅವರ ಅಧಿಕಾರಪತ್ರವೂ ಇಲ್ಲದೆ ನಡೆದ ದಾಳಿಯ ಕೇಸು ಕೋರ್ಟಿನಲ್ಲಿ ಬೀಳುವ ಸಂಭವ ಹೆಚ್ಚು. ಬಿದ್ದಾಗ ಗಿರಾಕಿಯೊಂದಿಗೆ ಅಡ್ಡೆಯ ಮಾಲೀಕನೂ ಹೊರಗೆ ಬರುತ್ತಾನೆ, ಅದು ನೋವಿನ ಸಂಗತಿ.

ವಾರಂಟ್ ಇಲ್ಲದೆ ಶೋಧನೆಗೆ ಬಂದರೆ ಅದಕ್ಕೆ ಕಾರಣವನ್ನು ಮೊದಲೇ ಬರೆದಿಟ್ಟಿರಬೇಕು. ಇಬ್ಬರು ಪಂಚರು ಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆ. ದಾಳಿಯಲ್ಲಿ ಇಬ್ಬರು ಮಹಿಳಾ ಪೊಲೀಸರು ಇರಬೇಕು, ಅಲ್ಲಿ ಸಿಕ್ಕ ಹೆಣ್ಣುಮಕ್ಕಳನ್ನು ವಿಚಾರಿಸುವುದು ಮಹಿಳಾ ಅಧಿಕಾರಿಯೇ. ಶೋಧನೆ, ಜಪ್ತಿಗಳ ವಿಡಿಯೊ ಚಿತ್ರಣವನ್ನು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಕಡ್ಡಾಯ ಮಾಡಿದೆ. ಆ ವಿಡಿಯೊ ಹೋಗಬೇಕಾದದ್ದು ಮ್ಯಾಜಿಸ್ಟ್ರೇಟರಿಗೆ, ಊರ ವಾಟ್ಸ್‌ಆ್ಯಪ್ ಗುಂಪಿಗಲ್ಲ. ಪಂಚರಾಗಿ ಬನ್ನಿ ಎಂದು ಲಿಖಿತವಾಗಿ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದೂ ತಪ್ಪೇ. ಹೋಗಿ, ಕಂಡದ್ದಕ್ಕೆ ಮಾತ್ರ ಸಹಿ ಹಾಕಿ. ಖಾಲಿ ಹಾಳೆಗೆ ಬೇಡ.

‘ಮುಖ ತೋರಿಸಿ, ಮರ್ಯಾದೆ ಹೋಗಲಿ, ಆಗ ಬುದ್ಧಿ ಬರುತ್ತೆ’ ಎಂಬ ಬೇಡಿಕೆ ಪ್ರತಿ ದಾಳಿಯ ನಂತರ ಏಳುತ್ತದೆ. ಕೇಳಲು ಖುಷಿಯಾಗುತ್ತದೆ, ಆದರೆ ಕೋರ್ಟು ತಪ್ಪಿತಸ್ಥ ಎನ್ನುವ ಮೊದಲೇ ಮೆರವಣಿಗೆ ಮಾಡಿಸುವ ಅಧಿಕಾರ ಠಾಣೆಗಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ. ಮಹಿಳೆಯರ ಗುರುತನ್ನು ಮಾಧ್ಯಮಗಳು ಬಯಲು ಮಾಡಬಾರದು, ಅವರ ಬಳಿ ಸಿಕ್ಕ ಕಾಂಡೋಮನ್ನು ಅಪರಾಧದ ಸಾಕ್ಷಿಯಾಗಿ ನೋಡಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ನಿರ್ದೇಶಿಸಿದೆ. ಸ್ವೀಡನ್ 1999ರಲ್ಲಿ ಕೊಳ್ಳುವವನನ್ನೇ ಅಪರಾಧಿಯಾಗಿಸಿತು, ಫ್ರಾನ್ಸ್ 2016ರಲ್ಲಿ ಅದೇ ದಾರಿ ಹಿಡಿಯಿತು. ಅಂಥ ಕಾನೂನು ಬೇಕೆನ್ನುವವರು ಸಂಸತ್ತನ್ನು ಕೇಳಬೇಕು, ಪಿಎಸ್‌ಐಯನ್ನಲ್ಲ. ಸ್ಥಳೀಯ ಪೊಲೀಸರ ಕೈಯಲ್ಲಿ ಈಗಲೇ ಇರುವ ಹತಾರ ಬೇರೆ: ಬೀಟ್ ಹೆಚ್ಚಿಸುವುದು, ಲಾಡ್ಜಿನ ರಿಜಿಸ್ಟರ್ ತಪಾಸಣೆ, ಗೊತ್ತಿದ್ದೂ ಕೋಣೆ ಕೊಟ್ಟ ಲಾಡ್ಜಿನ ಮೇಲೆ ಕಲಂ 7ರಡಿ ಕೇಸು. ಶಿಕ್ಷೆಯಾದರೆ ಲೈಸೆನ್ಸು ಕನಿಷ್ಠ ಮೂರು ತಿಂಗಳು, ಗರಿಷ್ಠ ಒಂದು ವರ್ಷ ಅಮಾನತು. ಬಾಲಕಿಯ ಪ್ರಕರಣವಾದರೆ ರದ್ದೂ ಮಾಡಬಹುದು. ಕೋಣೆ ಸಿಗದ ಊರಿಗೆ ಗಿರಾಕಿ ಬರುವುದಿಲ್ಲ.

ಈ ವಿಷಯದ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ‘ನಾವು ಪೊಲೀಸರು, ಇಪ್ಪತ್ತು ಸಾವಿರ ಫೋನ್‌ಪೇ ಮಾಡು, ಇಲ್ಲಾಂದ್ರ ಮನೆಗೆ ಹೇಳ್ತೀವಿ’ ಎಂದು ಯಾರಾದರೂ ಹೆದರಿಸಿದರೆ ತಿಳಿದಿರಲಿ: ಪಿಟಾ ಕಾಯ್ದೆಯಲ್ಲಿ ಸ್ಥಳದಲ್ಲೇ ದಂಡ ಕಟ್ಟುವ ಪದ್ಧತಿಯೇ ಇಲ್ಲ. ದಂಡ ಹಾಕುವುದು ಮ್ಯಾಜಿಸ್ಟ್ರೇಟರು ಮಾತ್ರ. ಹೆದರಿಸಿ ಹಣ ಕೀಳುವುದು ಸುಲಿಗೆ, ಪೊಲೀಸ್ ವೇಷ ಹಾಕುವುದು ಇನ್ನೊಂದು ಅಪರಾಧ. ತಕ್ಷಣ 112ಕ್ಕೆ, ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಕೇಳಿದವನು ನಿಜವಾದ ಪೊಲೀಸನೇ ಆಗಿದ್ದರೆ ಲೋಕಾಯುಕ್ತ ಇದೆ, ರಾಜ್ಯ ಪೊಲೀಸ್ ದೂರು ಪ್ರಾಧಿಕಾರವೂ ಇದೆ.

ಬಾಲಕಿಯೊಬ್ಬಳು ಇಂಥ ಜಾಲದಲ್ಲಿ ಸಿಕ್ಕಿದ್ದಾಳೆ ಎಂಬ ಅನುಮಾನ ಬಂದರೆ 1098ಕ್ಕೆ, ಮಹಿಳೆಯಾದರೆ 181ಕ್ಕೆ ತಿಳಿಸಿ. ಯಾವ ಠಾಣೆಯ ಸರಹದ್ದು ಎಂಬ ಚರ್ಚೆಗೆ ಈಗ ಅವಕಾಶವಿಲ್ಲ, ತಂಬ್ರಹಳ್ಳಿಯಲ್ಲಿ ಕೊಟ್ಟ ದೂರನ್ನು ಜೀರೊ ಎಫ್‌ಐಆರ್ ಆಗಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ವೃತ್ತಿಯಲ್ಲಿರುವ ಮಹಿಳೆಯೇ ಗಿರಾಕಿಯಿಂದ ಹೊಡೆತ ತಿಂದರೆ, ಬಲಾತ್ಕಾರಕ್ಕೆ ಒಳಗಾದರೆ ಆಕೆಯ ದೂರಿಗೂ ಅಷ್ಟೇ ಬೆಲೆ, ಚಿಕಿತ್ಸೆಯೂ ತಕ್ಷಣ ಸಿಗಬೇಕು. ಬೇರೆ ಬದುಕು ಹುಡುಕುವವರಿಗೆ ಮಹಿಳಾ ಅಭಿವೃದ್ಧಿ ನಿಗಮದ ‘ಚೇತನ’ ಯೋಜನೆಯಡಿ ನೆರವಿದೆ. ಅರ್ಜಿಯ ವಿವರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ.

ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಕಿಲ್ಲ. 15100ಕ್ಕೆ ಕರೆ ಮಾಡಿ, ಇಲ್ಲವೇ ಹಗರಿಬೊಮ್ಮನಹಳ್ಳಿ ಕೋರ್ಟಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಸಾಗಣೆಯ ಸಂತ್ರಸ್ತರು, ಇವರ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಪೊಲೀಸ್ ವಶದಲ್ಲಿರುವ ಆರೋಪಿಗೂ ಅದೇ ಹಕ್ಕಿದೆ, ಅವನು ಗಿರಾಕಿಯಾಗಿದ್ದರೂ ಸರಿ.